ಒಬ್ಬನ ಗಡ್ಡಿಯ ಕೂಗು

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಕಥೆ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನು. ನಕ್ಕು ಸುಮ್ಮನಾಗುತ್ತಿರಲಿಲ್ಲ, ಮರುದಿನ ಆ ದೆವ್ವವನ್ನು ನಾನೇ ಮಾಡಿ ತೋರಿಸುತ್ತಿದ್ದೆ. ನಮ್ಮೂರ ಹುಣಸೆಮರದಲ್ಲಿ ಒಂದು ವರ್ಷ ಹೆಣ್ಣು ಅಳುತ್ತಿತ್ತಲ್ಲ, ಅದು ನಾನು. ಅದನ್ನು ಓಡಿಸಲು ಬಂದ ಮಂತ್ರದವನ ಜೋಳಿಗೆಯೊಳಗಿಂದ ಅಳು ಕೇಳಿಸಿ ಅವನನ್ನೇ ಓಡಿಸಿದವನೂ ನಾನು.

ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದೆ. ಕೈಯಲ್ಲಿ ಸ್ಪ್ಯಾನರ್ ಇದ್ದದ್ದಕ್ಕಿಂತ ಬಾಯಲ್ಲಿ ಬೇರೆಯವರ ಧ್ವನಿ ಇದ್ದದ್ದೇ ಹೆಚ್ಚು. ಮಿಲ್ಲಿನ ಸೈರನ್ನು, ಸಾಹುಕಾರರ ಕೆಮ್ಮು, ಸಂಡೂರಿನ ಅದಿರು ಲಾರಿಯ ಹಾರ್ನು, ಈಯಲು ಬಂದ ಎಮ್ಮೆಯ ನರಳಾಟ, ಎಲ್ಲ ಈ ಗಂಟಲಲ್ಲಿದ್ದವು. ಒಂದು ಸಲ ಸಾಹುಕಾರರ ಕೆಮ್ಮು ಕೆಮ್ಮಿ, ಫೋನಿನಲ್ಲಿ ಇವತ್ತು ಮಧ್ಯಾಹ್ನ ಬಂದ್ ಮಾಡ್ರಿ ಅಂದು ಇಡೀ ಮಿಲ್ಲಿಗೆ ಅರ್ಧ ದಿನ ರಜೆ ಕೊಡಿಸಿದೆ. ತಾವೇ ಹೇಳಿ ಮರೆತೆವೇನೋ ಅಂತ ಸಾಹುಕಾರರಿಗೇ ಅನುಮಾನ ಬಂತಂತೆ. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮೈಕಿನವನ ಧ್ವನಿ ತೆಗೆದು, ಸಂಡೂರಿಗೆ ಹೊರಟ ಮದುವೆ ದಿಬ್ಬಣವನ್ನು ಕಂಪ್ಲಿ ಬಸ್ಸಿಗೆ ಹತ್ತಿಸಿದ್ದೆ. ಬಸ್ಸು ಹೊರಡುವ ಮುಂಚೆ ನಾನೇ ಇಳಿಸಿದೆ ಅನ್ನಿ, ಅಷ್ಟು ಕಟುಕನಲ್ಲ.

ಇದನ್ನೆಲ್ಲ ಹೇಳುವುದು ಜಂಬಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ಇನ್ನೊಂದು ಕಾರಣವೂ ಇದೆ. ಮುಂದೆ ಬರೆಯುವುದನ್ನು ನೀವು ನಂಬದಿದ್ದರೆ ತಪ್ಪು ನಿಮ್ಮದಲ್ಲ ಅಂತ ಮೊದಲೇ ತಿಳಿಸಿಬಿಡಬೇಕು.

ನಮ್ಮೂರು ಕಂಪ್ಲಿಯಿಂದ ಸ್ವಲ್ಪ ದೂರ, ಹೊಳೆಯ ದಂಡೆಯಲ್ಲಿದೆ. ಅಲ್ಲಿ ತುಂಗಭದ್ರೆ ಅಗಲವಾಗಿ ಬಂಡೆಗಳ ನಡುವೆ ಒಡೆದು ಹರಿಯುತ್ತದೆ. ನಟ್ಟನಡುವೆ ಒಂದು ನಡುಗಡ್ಡೆ. ನಾಲ್ಕು ಹೊಲದಷ್ಟು ಜಾಗ, ಅಂಚಿಗೆಲ್ಲ ಆಳೆತ್ತರದ ಆಪಿನ ಜೊಂಡು, ಮೇಲೆ ಒಂದಿಷ್ಟು ಜಾಲಿ, ಉಳಿದದ್ದು ಹುಲ್ಲು. ಅಲ್ಲಿ ಮನೆ ಇಲ್ಲ, ಗುಡಿ ಇಲ್ಲ, ಕರೆಂಟಿಲ್ಲ. ಎಮ್ಮೆ ಇದ್ದವರ ಮನೆ ಹೆಂಗಸರು ಬೆಳಿಗ್ಗೆ ಹರಿಗೋಲಿನಲ್ಲಿ ಹೋಗಿ ಹುಲ್ಲು ಕೊಯ್ದು ಸಂಜೆಗೆ ವಾಪಸ್ಸು ಬರುತ್ತಿದ್ದರು. ಹರಿಗೋಲು ಹುಲುಗಪ್ಪನದು. ಅವನ ಅಪ್ಪನದೂ ಅದೇ ಕೆಲಸ, ಅಜ್ಜನದೂ ಅದೇ.

ಆ ನಡುಗಡ್ಡೆಯ ಹೆಸರು ಒಬ್ಬನ ಗಡ್ಡಿ. ಆದರೆ ಊರಲ್ಲಿ ಯಾರ ಬಾಯಲ್ಲೂ ಆ ಹೆಸರು ನಿಮಗೆ ಕೇಳಿಸುತ್ತಿರಲಿಲ್ಲ. ಗಡ್ಡಿಗೆ ಹೋಗ್ತೀನಿ, ಗಡ್ಡಿಯಿಂದ ಬಂದೀನಿ, ಇಷ್ಟೇ ಮಾತು. ಹೆಸರಿನಲ್ಲಿದ್ದ ಆ ಒಬ್ಬನಿಗೆ ದಿನಕ್ಕೆ ಒಂದೇ ಸಲ ಕೆಲಸ. ಹುಲುಗಪ್ಪ ಆರಾರು ಜನರಂತೆ ಎರಡು ಮೂರು ಸರತಿಯಲ್ಲಿ ಹೆಂಗಸರನ್ನು ದಾಟಿಸುತ್ತಿದ್ದ. ಕೊನೆಯ ಸರತಿಗೆ ಉಳಿದವರಲ್ಲಿ ಒಬ್ಬರು ಗಡ್ಡಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು, ಆಪಿನ ಸಂದಿ, ಜಾಲಿಯ ಬುಡ ಎಲ್ಲ ನೋಡಿ ಬರಬೇಕು. ಆಮೇಲೆ ದಂಡೆಯ ಕಡೆ ಮುಖ ಮಾಡಿ "ಒಬ್ಬನೋ..." ಅಂತ ಕೂಗಬೇಕು. ಗಂಡಸಾಗಲಿ ಹೆಂಗಸಾಗಲಿ ಕೂಗು ಅದೇ. ಇನ್ನು ನಾನೇ ಕೊನೆ, ನನ್ನ ಹಿಂದೆ ಯಾರೂ ಉಳಿದಿಲ್ಲ ಅಂತ ಅದರ ಅರ್ಥ. ದಂಡೆಯಿಂದ ಹುಲುಗಪ್ಪ "ಬಂದೆ..." ಅನ್ನುತ್ತಿದ್ದ. ಆ ಸರತಿ ಮುಗಿದ ಮೇಲೆಯೇ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕುವುದು. ಕೂಗು ಕೇಳದೆ ಬೋರಲು ಹಾಕಿದ ದಿನವಿಲ್ಲ. ಕೂಗು ಕೇಳಿದ ಮೇಲೆ, ಸುತ್ತ ನೋಡಿದೆಯಾ ಅಂತ ತಿರುಗಿ ಕೇಳುವ ಪದ್ಧತಿಯೂ ಇಲ್ಲ. ಕೇಳಿದರೆ ಅವಮಾನ.

ಯಾವುದೋ ಕಾಲದಲ್ಲಿ ಎಣಿಕೆ ತಪ್ಪಿ ಒಬ್ಬ ಅಲ್ಲೇ ಉಳಿದನಂತೆ, ಹೊಳೆ ಬಂತಂತೆ. ಅಷ್ಟೇ ಕಥೆ. ಅವನು ಯಾರು, ಯಾವ ಮನೆಯವನು, ಯಾರಿಗೂ ಗೊತ್ತಿಲ್ಲ. ಅವನ ಹೆಸರು ಉಳಿಯಲಿಲ್ಲ, ಒಬ್ಬ ಅನ್ನುವುದಷ್ಟೇ ಉಳಿಯಿತು. ಕೊನೆಯವನ ಗಂಟಲಿಗೆ ಅವನೂ ದನಿ ಸೇರಿಸುತ್ತಾನೆ, ಅದಕ್ಕೇ ಎಷ್ಟೇ ಗಾಳಿ ಇರಲಿ ಆ ಕೂಗು ದಂಡೆಗೆ ಮುಟ್ಟುತ್ತದೆ ಅಂತ ಹುಲುಗಪ್ಪನ ಅಪ್ಪ ಹೇಳುತ್ತಿದ್ದ. ನಾನು ಇದಕ್ಕೂ ನಗುತ್ತಿದ್ದೆ. ನೀರಿನ ಮೇಲೆ ಧ್ವನಿ ಚೆನ್ನಾಗಿ ಸಾಗುತ್ತದೆ, ಅದರಲ್ಲಿ ಆ ಒಬ್ಬ ಮಾಡುವುದೇನು ಅನ್ನುತ್ತಿದ್ದೆ.

ಹನ್ನೆರಡು ಹದಿಮೂರು ವರ್ಷದ ಹಿಂದೆ, ಒಂದು ಶ್ರಾವಣದಲ್ಲಿ, ಹೊಸಪೇಟೆಯ ಕಾಲೇಜಿನಿಂದ ಕನ್ನಡ ಕಲಿಸುವ ಶಾರದಾ ಅನ್ನುವ ಹುಡುಗಿ ಬಂದಳು. ಹೊಳೆಗುಂಟ ಇರುವ ಸ್ಥಳಗಳ ಹೆಸರು ಬರೆದುಕೊಳ್ಳುತ್ತಿದ್ದಳು. ಹಂಪಿಯ ಕಡೆಯದೆಲ್ಲ ಮುಗಿಸಿ ನಮ್ಮಲ್ಲಿಗೆ ಬಂದಿದ್ದಳು. ಒಬ್ಬ ಅಂದರೆ ಯಾವುದಾದರೂ ಪಾಳೇಗಾರನ ಹೆಸರು ಸವೆದು ಹೀಗಾಗಿರಬಹುದೇ ಅಂತ ಹುಲುಗಪ್ಪನನ್ನು ಕೇಳಿದಳು. ಹುಲುಗಪ್ಪ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದ. ತಲೆ ಎತ್ತಲಿಲ್ಲ.

"ಪಾಳೇಗಾರ ಗೀಳೇಗಾರ ಯಾರಿಲ್ಲವ್ವ. ಒಬ್ಬ ಅಂದ್ರ ಒಬ್ಬ. ನೀನು ಒಬ್ಬಾಕಿ, ನಾನು ಒಬ್ಬಾಂವ."

ಅವಳು ಅದನ್ನೂ ಬರೆದುಕೊಂಡಳು. ಕೂಗು ಹೇಗಿರುತ್ತದೆ, ಒಮ್ಮೆ ಕೂಗಿ ತೋರಿಸಿ ಅಂದಳು. ಹುಲುಗಪ್ಪ ಒಪ್ಪಲಿಲ್ಲ. ದಂಡೆಯ ಮೇಲೆ ಕೂಗುವಂಥದಲ್ಲ, ಅದು ಅಲ್ಲಿನ ಮಾತು ಅಂದ. ಅವಳ ಮುಖ ಸಪ್ಪಗಾಯಿತು. ನನ್ನಂಥವನು ಪಕ್ಕದಲ್ಲಿ ಇರುವಾಗ ಓದಿದ ಹುಡುಗಿಯ ಮುಖ ಸಪ್ಪಗಾಗಬಹುದೇ? ಬರ್ರಿ, ನಾಳೆ ಗಡ್ಡಿಗೇ ಕರಕೊಂಡು ಹೋಗಿ ಕೇಳಿಸ್ತೀನಿ ಅಂದೆ.

ಮರುದಿನ ಬೆಳಿಗ್ಗೆ ಊರಲ್ಲಿ ಡಂಗುರ ಹೊಡೆದಿದ್ದರು. ಮೇಲೆ ಮಳೆ ಹೆಚ್ಚಾಗಿದೆ, ಡ್ಯಾಮಿನಿಂದ ನೀರು ಬಿಡುತ್ತಾರೆ, ಹೊತ್ತು ಮುಳುಗುವುದರೊಳಗೆ ಹೊಳೆಯಲ್ಲಿ ಯಾರೂ ಇರಬಾರದು ಅಂತ. ಆದರೂ ಹೆಂಗಸರು ಹೋದರು. ನೀರು ಬಂದರೆ ಹದಿನೈದು ದಿನ ಹುಲ್ಲು ಸಿಗುವುದಿಲ್ಲವಲ್ಲ. ಮಧ್ಯಾಹ್ನ ಮೂರಕ್ಕೆಲ್ಲ ದಾಟಿಸಿಬಿಡುತ್ತೇನೆ ಅಂತ ಹುಲುಗಪ್ಪ ಹೇಳಿದ್ದ. ನಾನೂ ಶಾರದಾನೂ ಅವರ ಜೊತೆ ಹೋದೆವು. ಅವಳು ಬಂಡೆ, ಮಡು, ಗಿಡ, ಪ್ರತಿಯೊಂದರ ಹೆಸರು ಕೇಳಿದಳು. ಗೊತ್ತಿದ್ದದ್ದಕ್ಕೆ ನಿಜ ಹೇಳಿದೆ, ಗೊತ್ತಿಲ್ಲದ್ದಕ್ಕೆ ಅಲ್ಲೇ ಹುಟ್ಟಿಸಿ ಹೇಳಿದೆ.

ಮೂರು ಗಂಟೆಗೆ ಎರಡು ಸರತಿ ಹೋದವು. ಉಳಿದವರು ನಾವಿಬ್ಬರೇ ಅಂದುಕೊಂಡೆ. ಕೊನೆಯವನಾದ ನಾನು ಆ ತುದಿಗೆ ನಡೆದು ನೋಡಿ ಬರಬೇಕಿತ್ತು. ಅದು ನನಗೆ ಗೊತ್ತಿತ್ತು. ಆದರೆ ಹೊಸ ಚಪ್ಪಲಿ, ಕೆಸರು, ಜಾಲಿಮುಳ್ಳು. ಮೇಲಾಗಿ ಶಾರದಾ ಮೊಬೈಲ್ ಹಿಡಿದು ರೆಕಾರ್ಡಿಗೆ ತಯಾರಾಗಿ ನಿಂತಿದ್ದಳು. ಬಂಡೆ ಹತ್ತಿದೆ, ಕೂಗಿದೆ. ಬರೀ ಕೂಗಿದರೆ ನಾನು ಯಾಕೆ ಬೇಕು? ಕೊನೆಯಲ್ಲಿ ಮಿಲ್ಲಿನ ಸೈರನ್ನಿನ ಹಾಗೆ ಧ್ವನಿಯನ್ನು ಮೇಲಕ್ಕೆ ತಿರುವಿ ಬಾಲ ಹಚ್ಚಿದೆ. ಊರಲ್ಲಿ ಯಾರೂ ಹಾಗೆ ಕೂಗಿದವರಿಲ್ಲ. ದಂಡೆಯಿಂದ ಹುಲುಗಪ್ಪ ಬಂದೆ ಅಂದ. ಬಂದ, ನಮ್ಮನ್ನು ಕೂರಿಸಿಕೊಂಡ, ಏನೂ ಕೇಳಲಿಲ್ಲ. ಹೊಳೆಯ ನಡುವೆ ಮಾತ್ರ ಒಂದು ಮಾತಾಡಿದ.

"ಕೂಗಿಗೆ ಬಾಲ ಯಾಕ ಹಚ್ಚಿದಿಲೇ ಫಿಟ್ಟರಾ? ಅದೇನು ಕೋತಿ ಏನು?"

ಶಾರದಾ ಹೊಸಪೇಟೆ ಬಸ್ಸು ಹತ್ತಿ ಹೋದಳು. ಹುಲುಗಪ್ಪ ಹರಿಗೋಲನ್ನು ಬೋರಲು ಹಾಕಿದ. ದಂಡೆಯ ಮೇಲಿನ ಚಹಾದಂಗಡಿಯಲ್ಲಿ ನಾನು, ಅವನು, ಇನ್ನೂ ನಾಲ್ಕು ಜನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತ ಕೂತೆವು. ಬಿಸಿಲು ಇನ್ನೂ ಇತ್ತು. ಹೊಳೆಯ ಬಣ್ಣ ಕೆಂಪಾಗುತ್ತಿತ್ತು, ಬಂಡೆಗಳ ಸದ್ದು ಬದಲಾಗಿತ್ತು. ನಾನು ಆ ಹುಡುಗಿಯ ಮುಂದೆ ಹೇಗೆ ಕೂಗಿದೆ ಅಂತ ಕೊಚ್ಚಿಕೊಳ್ಳುತ್ತ, ಇಡೀ ಮಿರ್ಚಿ ಬಾಯಿಗೆ ಹಾಕಿಕೊಂಡಿದ್ದೆ.

ಆಗ ಗಡ್ಡಿಯ ಮೇಲಿಂದ ಕೂಗು ಬಂತು. ಒಬ್ಬನೋ ಅಂತ.

ನನ್ನ ಧ್ವನಿ. ನನ್ನ ಧ್ವನಿಯಂಥದು ಅಲ್ಲ, ನನ್ನದೇ. ಕೊನೆಗೆ ಅದೇ ಬಾಲ, ಅದೇ ಸೈರನ್ನಿನ ತಿರುವು. ಮೂರು ಸಲ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿ ತುಂಬ ಮಿರ್ಚಿ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಒಬ್ಬ ನಕ್ಕ, ಬಾಯಿ ಮುಚ್ಚಿಕೊಂಡೇ ಕೂಗ್ತಾನ ನೋಡ್ರಿ ಮಗ ಅಂದ. ಹುಲುಗಪ್ಪ ನಗಲಿಲ್ಲ. ಎದ್ದು ನಿಂತಿದ್ದ.

ನಾನು ಅವನ ಕೈ ಹಿಡಿದೆ. "ಹೋಗಬ್ಯಾಡೋ. ನಾನಲ್ಲ. ನಮ್ಮವ್ವನಾಣಿ ನಾನಲ್ಲ. ಅಲ್ಲಿ ಯಾರೂ ಇಲ್ಲ, ನೀರು ಬರಾಕತ್ತೈತಿ."

"ಯಾರರ ಆಗ್ಲಿ. ಕೂಗು ಗಡ್ಡಿ ಮ್ಯಾಲಿಂದ ಬಂದೈತಿ. ನನ್ನ ಕಿವಿಗೆ ಅಷ್ಟು ತಿಳೀತೈತಿ, ಬಿಡು."

ಬಂದೆ ಅಂತ ಕೂಗಿ ಹೋದ. ಸುತ್ತುವ ನೀರಿನಲ್ಲಿ ಹರಿಗೋಲು ಬುಗುರಿಯಾಗಿತ್ತು. ನಾವು ದಂಡೆಯಲ್ಲಿ ನಿಂತೆವು. ಅವನು ವಾಪಸ್ಸು ಬರಲು ಅರ್ಧ ಗಂಟೆ ಹಿಡಿಯಿತು.

ಬಂದಾಗ ಹರಿಗೋಲಿನಲ್ಲಿ ದ್ಯಾವಮ್ಮ ಇದ್ದಳು. ನಮ್ಮ ಓಣಿಯ ಹೆಂಗಸು, ಎರಡು ಎಮ್ಮೆ ಕಟ್ಟಿ ಬದುಕುವವಳು. ಬೆಳಿಗ್ಗೆಯಿಂದ ಮೈ ಬಿಸಿ ಇತ್ತಂತೆ. ಆ ತುದಿಯ ಜಾಲಿಯ ನೆರಳಲ್ಲಿ ಸೆರಗು ಹೊದ್ದು ಮಲಗಿದವಳಿಗೆ ಸರತಿ ಹೋದದ್ದೇ ತಿಳಿದಿಲ್ಲ. ಸೊಂಟದವರೆಗೆ ಒದ್ದೆಯಾಗಿದ್ದಳು. ಮೊದಲೆರಡು ಸರತಿಯವರು ಅವಳು ಇನ್ನೊಂದರಲ್ಲಿ ಬರುತ್ತಾಳೆ ಅಂದುಕೊಂಡಿದ್ದರು. ಹಾಗೆ ಅಂದುಕೊಳ್ಳಬಹುದು, ಕೊನೆಯವನು ನೋಡಿಯೇ ನೋಡುತ್ತಾನಲ್ಲ. ಆ ಕೊನೆಯವನು ನಾನು.

ದಂಡೆಗೆ ಇಳಿದವಳು ನೇರ ನನ್ನ ಹತ್ತಿರ ಬಂದಳು. ಬಯ್ಯುತ್ತಾಳೆ ಅಂದುಕೊಂಡೆ. "ನಿನ್ನ ಕೂಗಿಗೆ ಎಚ್ಚರಾತಪ್ಪ," ಅಂದಳು. "ತಲಿ ಹತ್ರನ ನಿಂತು ಕೂಗಿದಿ. ಎದ್ದು ನೋಡ್ತೀನಿ, ಕಾಲಾಗ ನೀರು. ನೀನು ಯಾವಾಗ ಈ ಕಡಿ ದಾಟಿದಿ?"

ನೀನು ಕೂಗಲಿಲ್ಲವೇ ಅಂತ ಕೇಳಿದೆ. ಅವಳಿಗೆ ಕೂಗಲು ಗಂಟಲೇ ಏಳಲಿಲ್ಲವಂತೆ. ನನ್ನನ್ನು ಕಂಡೆಯಾ ಅಂತ ಕೇಳಿದೆ. ಕಾಣಲಿಲ್ಲ, ಬರೀ ಕೇಳಿಸಿತು ಅಂದಳು.

ಈಗ ನಾನು ಮಾಡಿದ್ದನ್ನು ಕೇಳಿ. ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಕೂಗಿದವರು ಯಾರು, ಸುತ್ತ ನೋಡಲಿಲ್ಲವೇ ಅನ್ನುವ ಮಾತು ಇನ್ನೊಂದು ಗಳಿಗೆಯಲ್ಲಿ ಬರುವುದಿತ್ತು. ನನಗೆ ಅದು ಗೊತ್ತಾಯಿತು. ಆಗಲೇ ಆ ನಕ್ಕವನು, ಅಂತೂ ಬಾಯಿ ಮುಚ್ಚಿಕೊಂಡು ಆಕೀನ್ನ ಹೊಳಿ ದಾಟಿಸಿದೆಲ್ಲೋ ಫಿಟ್ಟರಾ ಅಂದ. ನಾನು ಆ ಮಾತನ್ನು ಹಿಡಿದುಕೊಂಡೆ. ಹೌದಪ್ಪ, ಮಿರ್ಚಿ ತಿನ್ನುವಾಗ ದ್ಯಾವಮ್ಮ ಉಳಿದದ್ದು ನೆನಪಾಯಿತು, ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೇ ಧ್ವನಿಯನ್ನು ಗಡ್ಡಿಗೆ ಎಸೆದು ಕೂಗಿದೆ ಅಂದೆ. ಹೋಗಬ್ಯಾಡ ಅಂದೆಯಲ್ಲ ಅಂತ ಇನ್ನೊಬ್ಬ ಕೇಳಿದ. ಹಾಗೆ ಅಂದರೇ ಅಲ್ಲವೇ ಹುಲುಗಪ್ಪ ಹೋಗೋದು ಅಂದೆ. ಎಲ್ಲರೂ ಬೆನ್ನು ತಟ್ಟಿದರು. ದ್ಯಾವಮ್ಮ ಕಾಲು ಮುಟ್ಟಿದಳು. ಅವಳನ್ನು ಸಾಯಲು ಬಿಟ್ಟು ಬಂದವನ ಕಾಲನ್ನು.

ಹುಲುಗಪ್ಪ ಹರಿಗೋಲನ್ನು ಮತ್ತೆ ಬೋರಲು ಹಾಕಿದ. ಜನ ಹೋದ ಮೇಲೆ ಹರಿಗೋಲಿನ ಪಕ್ಕ ನನ್ನನ್ನು ಕರೆದ.

"ಖರೇ ಹೇಳು. ನೀನ ಕೂಗಿದ್ದಾ?"

"ನಾನ."

"ದಂಡಿ ಮ್ಯಾಲ ಕುಂತು?"

"ಹೂಂ. ನನಗೇನು ಕಷ್ಟ ಅದು?"

ಅವನು ಹೊಳೆಯ ಕಡೆ ತಿರುಗಿದ. "ಹಂಗಾರ ನನ್ನ ಕಿವಿ ಯಾವ ಕೆಲಸಕ್ಕ ಬಂತಲೇ?" ಅಂದ.

ಆಗ ಒಂದು ಮಾತು, ನಾನಲ್ಲ ಅನ್ನುವ ಒಂದೇ ಮಾತು ಹೇಳಿದ್ದರೆ ಮುಗಿದಿತ್ತು. ಹೇಳಲಿಲ್ಲ. ಅವನ ಹೆಗಲ ಮೇಲೆ ಕೈ ಹಾಕಿ, ಸಾಹುಕಾರರ ಕೆಮ್ಮು ಕೆಮ್ಮಿ ತೋರಿಸಿದೆ. ಅವನು ನಕ್ಕ. ನನ್ನ ಮನಸ್ಸು ನೋಯಬಾರದು ಅಂತ ನಕ್ಕ ನಗು ಅದು.

ನೀರು ಇಳಿದ ಮೇಲೆ ಹರಿಗೋಲು ಮತ್ತೆ ಶುರುವಾಯಿತು. ಆದರೆ ಹುಲುಗಪ್ಪ ಮೊದಲಿನ ಹುಲುಗಪ್ಪ ಆಗಿರಲಿಲ್ಲ. ಕೂಗು ಕೇಳಿದರೆ, ಕೂಗಿದವರು ಯಾರು, ಎಲ್ಲಿ ನಿಂತಿದ್ದೀರಿ ಅಂತ ತಿರುಗಿ ಕೇಳುತ್ತಿದ್ದ. ಹೆಂಗಸರಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಕೇಳುವುದನ್ನು ಬಿಟ್ಟು ತಾನೇ ಕೋಲೂರಿ ಗಡ್ಡಿ ಸುತ್ತತೊಡಗಿದ. ಮೊಣಕಾಲು ಸೋತಿದ್ದವು. ಒಂದು ಸುತ್ತು ಸಾಲದೆ ಎರಡು ಸುತ್ತು ಹಾಕುತ್ತಿದ್ದ, ಮನೆಗೆ ಹೋದವನು ಮತ್ತೆ ದಂಡೆಗೆ ಬಂದು ನಿಲ್ಲುತ್ತಿದ್ದ. ಮುಂದಿನ ಬೇಸಿಗೆಗೆ ಹರಿಗೋಲನ್ನು ಮನೆಯ ಗೋಡೆಗೆ ಒರಗಿಸಿದ. ಮತ್ತೆ ಇಳಿಸಲಿಲ್ಲ. ಹೆಂಗಸರು ಗಡ್ಡಿಗೆ ಹೋಗುವುದನ್ನು ಬಿಟ್ಟರು. ಕೂಗುವ ಕೆಲಸ ಹೋಯಿತು. ಕೂಗುವುದು ಬಿಟ್ಟರೆ ಆ ಹೆಸರಿಗೆ ಬೇರೆ ಕೆಲಸವೇ ಇರಲಿಲ್ಲವಲ್ಲ, ಅದೂ ಹೋಯಿತು. ಈಗಿನವರನ್ನು ಕೇಳಿದರೆ ಅದಕ್ಕೇನು ಹೆಸರು, ಸುಮ್ಮನೆ ಗಡ್ಡಿ ಅನ್ನುತ್ತಾರೆ.

ಶಾರದಾ ಪುಸ್ತಕ ಮಾಡಿದಳು. ಅಚ್ಚಿಗೆ ಕೊಡುವ ಮುಂಚೆ, ಆ ಹೆಸರಿನ ಬಳಕೆ ಈಗಲೂ ಹಾಗೇ ಇದೆಯೇ ಅಂತ ನನಗೆ ಫೋನ್ ಮಾಡಿ ಕೇಳಿದ್ದಳು. ನಾನು ದಂಡೆಯಲ್ಲಿ ಕೂತು ಊರನ್ನೆಲ್ಲ ಬೇಸ್ತು ಬೀಳಿಸಿದ ಕಥೆಯನ್ನು ರಸವತ್ತಾಗಿ ಹೇಳಿದೆ. ಪುಸ್ತಕದಲ್ಲಿ ಒಬ್ಬನ ಗಡ್ಡಿ ಅನ್ನುವ ಹೆಸರಿನ ಮುಂದೆ, ದೂರದಿಂದ ಬಂದಂತೆ ಧ್ವನಿ ಮಾಡಿ ತಮಾಷೆಗೆ ಕೂಗುವ ರೂಢಿಯೂ ಇದೆ ಅಂತ ಬಂದಿದೆ. ಆ ರೂಢಿ ಎಲ್ಲಿತ್ತು? ಒಂದೇ ಒಂದು ಸುಳ್ಳು ಇತ್ತು. ಹೆಸರು ಅಚ್ಚಿನಲ್ಲಿ ಉಳಿಯಿತು, ನಾನು ಹೊಲಸು ಮಾಡಿದ ಅರ್ಥದ ಜೊತೆ ಉಳಿಯಿತು.

ದಿನಗಟ್ಟಲೆ ಕೂತು ಯೋಚಿಸಿದ್ದೇನೆ. ಪ್ರತಿಧ್ವನಿ ಅನ್ನೋಣವೆಂದರೆ ನಾನು ಕೂಗಿ ಒಂದು ಗಂಟೆಯ ಮೇಲಾಗಿತ್ತು. ಮೊಬೈಲಿನ ರೆಕಾರ್ಡ್ ಅನ್ನೋಣವೆಂದರೆ ಅದು ಶಾರದಾಳ ಜೊತೆ ಹೊಸಪೇಟೆಯ ದಾರಿಯಲ್ಲಿತ್ತು. ನನ್ನ ಕೂಗನ್ನು ಕಲಿತು ಕೂಗುವಂಥ ಇನ್ನೊಬ್ಬ ಗಡ್ಡಿಯ ಮೇಲೆ ಇರಲಿಲ್ಲ. ಇದ್ದಿದ್ದರೆ ಅವನೂ ಬರಬೇಕಿತ್ತಲ್ಲ. ಹುಲುಗಪ್ಪ ದ್ಯಾವಮ್ಮನನ್ನು ಕೂರಿಸಿಕೊಂಡು ಹೊರಟ ಸ್ವಲ್ಪ ಹೊತ್ತಿಗೆಲ್ಲ ಆಪು ಮುಳುಗಿತ್ತು.

ಎರಡು ವರ್ಷದ ಹಿಂದೆ ಹುಲುಗಪ್ಪ ಹಾಸಿಗೆ ಹಿಡಿದ. ಎಮ್ಮಿಗನೂರಿನಲ್ಲಿರುವ ಮಗಳ ಮನೆಯಲ್ಲಿದ್ದ. ಬಸ್ಸು ಹತ್ತಿ ಹೋದೆ. ಮಗಳು ಚಹಾ ಕೊಟ್ಟು, ಅಪ್ಪ ಸಂಜೆಯಾದರೆ ಒಂದೇ ಮಾತು ಕೇಳುತ್ತಾನೆ, ಯಾರಾದರೂ ಉಳಿದಾರೇನು ಅಂತಾನೆ, ಇಲ್ಲ ಅಂದರೂ ನಂಬುವುದಿಲ್ಲ ಅಂದಳು. ನಾನು ಒಳಗೆ ಹೋಗಿ ಅವನ ಮಂಚದ ಮೇಲೆ ಕೂತೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಹೇಳಿದೆ.

"ಹುಲುಗಾ, ಅವತ್ತು ಕೂಗಿದ್ದು ನಾನಲ್ಲೋ. ಸುಳ್ಳು ಹೇಳಿದ್ದೆ. ನಿನ್ನ ಕಿವಿ ಖರೇ ಕೇಳಿತ್ತು. ಗಡ್ಡಿ ಮ್ಯಾಲಿಂದನ ಬಂದಿತ್ತು ಅದು."

ಅವನು ನನ್ನ ಕಡೆ ಮುಖ ತಿರುಗಿಸಿದ. ಕಣ್ಣಲ್ಲಿ ಏನೋ ಎದ್ದ ಹಾಗಾಯಿತು. ಆಮೇಲೆ ತುಟಿ ಅಗಲವಾಯಿತು.

"ಸಾಯೋನ ಮುಂದಾದ್ರೂ ಚೇಷ್ಟಿ ಬಿಡವಲ್ಲಿ ನೋಡು ಮಗನ," ಅಂದ. "ಭಾಳ ಚಂದ ಹೇಳಿದಿ. ಇನ್ನೊಂದು ಸಲ ಹೇಳು."

ಇನ್ನೊಂದು ಸಲ ಹೇಳಿದೆ. ನನ್ನವ್ವನ ಆಣೆ ಇಟ್ಟೆ, ಮೊಮ್ಮಕ್ಕಳ ಆಣೆ ಇಟ್ಟೆ. ಆಣೆ ಹೆಚ್ಚಾದಷ್ಟೂ ಅವನ ನಗು ಹೆಚ್ಚಾಯಿತು, ಕೆಮ್ಮು ಬಂತು, ಮಗಳು ನೀರು ಹಿಡಿದು ಓಡಿ ಬಂದಳು. ನೀರು ಕುಡಿದು ಗೋಡೆಯ ಕಡೆ ಹೊರಳಿದ. ಒಂದು ವಾರಕ್ಕೆ ಹೋದ.

ಈಗಲೂ ಮಧ್ಯಾಹ್ನದ ಹೊತ್ತು ದಂಡೆಗೆ ಹೋಗಿ ಆ ಕೂಗನ್ನು ಕೂಗಿ ನೋಡುತ್ತೇನೆ. ಬಾಲ ಹಚ್ಚಿ ಕೂಗುತ್ತೇನೆ, ಹಚ್ಚದೆ ಕೂಗುತ್ತೇನೆ. ಹೋದವರ, ಇದ್ದವರ ಧ್ವನಿಯನ್ನೆಲ್ಲ ತೆಗೆಯುವ ಈ ಗಂಟಲಿಗೆ, ಅವತ್ತು ಗಡ್ಡಿಯ ಮೇಲಿಂದ ಕೇಳಿಸಿದ ನನ್ನ ಧ್ವನಿ ಮಾತ್ರ ಒಂದು ದಿನವೂ ಬಂದಿಲ್ಲ. ಅದು ಯಾರದು, ಯಾಕೆ ನನ್ನದನ್ನೇ ತೆಗೆದುಕೊಂಡಿತು, ಗೊತ್ತಿಲ್ಲ. ನಾನು ದಂಡೆಯ ಮೇಲೆ ಕೂತಿದ್ದೆ, ನನ್ನ ಬಾಯಲ್ಲಿ ಮಿರ್ಚಿ ಇತ್ತು. ಇಷ್ಟನ್ನು ಮಾತ್ರ ಹೇಳಬಲ್ಲೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಂಬಬೇಕಾಗಿದ್ದವನು ನಗುತ್ತ ಹೋದ.